ಈ ಸಲ ಮಣ್ಣೆತ್ತು ನೀವೇ ಮಾಡಿ



ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ ಕರಿ ಹರಿಯುತ್ತೇವೆ. ಅಲ್ಲಿಂದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ನಮ್ಮ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಪೂಜೆಗಳ ಸಾಲು ಶುರುವಾಗುವುದೇ ಆ ದಿನ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ.

ಈಗ ನೀವು ಮಣ್ಣೆತ್ತನ್ನು ಪೇಟೆಯಿಂದ ತರುತ್ತೀರಿ. ಕುಂಬಾರರು ಮಾಡಿದ್ದಾದರೆ ತಕರಾರಿಲ್ಲ, ಅದು ಅವರ ಕಸುಬು. ಅಚ್ಚಿನಲ್ಲಿ ಸುರಿದು ಆಯಿಲ್ ಪೇಂಟ್ ಬಳಿದದ್ದನ್ನು ಮಾತ್ರ ತರಬೇಡಿ. ವರ್ಷಕ್ಕೊಂದು ಜೋಡಿಯನ್ನಾದರೂ ಕೈಯಾರೆ ಮಾಡಿ. ಒಕ್ಕಲುತನ ಮಾಡಿದವರ ಮಕ್ಕಳಿಗೆ ಮಣ್ಣಿನ ಗುಣ, ಕಾಳಿನ ಗುಣ ತಿಳಿದಿರಬೇಕು. ಅದನ್ನು ಕಲಿಸುವ ಹಬ್ಬ ಇದು.

ಕೆರೆಯಂಗಳದ ಮಣ್ಣಾಗಲಿ, ಹೊಲದ ಎರೆಯಾಗಲಿ, ಕುಟ್ಟಿ, ಜರಡಿ ಹಿಡಿದು, ಹರಳು ತೆಗೆದು ನೆನೆಹಾಕಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವುದೂ ಇದಕ್ಕೇ. ಸ್ವಲ್ಪ ಹತ್ತಿ ಹಿಂಜಿ ಹಾಕಿ ನಾದಿದರೆ ಬಿರುಕು ಕಡಿಮೆ. ಬೆರಳಿಗೆ ಅಂಟದೆ, ಬಾಗಿಸಿದರೆ ಸೀಳದೆ ಇದ್ದರೆ ಹದ ಬಂತು. ಕಾಲು ಗಿಡ್ಡಗೆ, ದಪ್ಪಗೆ ಇರಲಿ. ಇಣಿ ಎತ್ತರಿಸಿ, ಗಂಗೆದೊಗಲು ಇಳಿಬಿಡಿ. ಕೋಡು, ಕಿವಿ ಕೂಡಿಸುವಲ್ಲಿ ಎರಡೂ ಕಡೆ ಗೀರಿ, ನೀರು ಸವರಿ ಒತ್ತಿ. ಇಲ್ಲದಿದ್ದರೆ ಒಣಗಿದ ಮೇಲೆ ಕಳಚುತ್ತವೆ. ಎತ್ತಿನ ಮುಂದೆ ಗ್ವಾದಲಿ ಮರೆಯಬೇಡಿ. ದುಡಿಯುವ ಎತ್ತನ್ನು ಮೇವಿಲ್ಲದೆ ನಿಲ್ಲಿಸಬಾರದು.

ಕಾಳು ಒತ್ತಲು ಅವಸರ ಬೇಡ. ಹಸಿ ಮಣ್ಣಿಗೆ ಹೆಸರು, ಅಲಸಂದಿ ಒತ್ತಿದರೆ ಅವು ನೀರು ಹೀರಿ ಉಬ್ಬುತ್ತವೆ. ಆಮೇಲೆ ಒಣಗಿ ಸಡಿಲಾಗಿ ಉದುರುತ್ತವೆ. ಮಳೆಯ ಥಂಡಿಗೆ ಮೊಳಕೆ ಒಡೆದರೂ ಒಡೆದೀತು. ಎತ್ತಿನ ಮೈ ಅರ್ಧ ಆರಿ, ಹೆಬ್ಬೆರಳು ಊರಿದರೆ ತುಸುವೇ ಗುರುತು ಮೂಡುವ ಹೊತ್ತಿಗೆ ಒತ್ತಿ. ಕಾಳು ಅರ್ಧಕ್ಕಿಂತ ಹೆಚ್ಚು ಒಳಗೆ ಕೂತರೆ ಕುಗ್ಗುವ ಮಣ್ಣೇ ಅದನ್ನು ಬಿಗಿಹಿಡಿಯುತ್ತದೆ. ಕೊರಳಿಗೆ ಹೆಸರುಕಾಳಿನ ಸರ, ಬೆನ್ನಿನ ಜೂಲಕ್ಕೆ ಬಿಳಿಜೋಳ, ಕುಸುಬಿ, ಹಣೆಗೊಂದು ತೊಗರಿ. ಮನೆಯ ಡಬ್ಬಿಯಲ್ಲಿದ್ದದ್ದೇ ಸಾಕು. ನೆರಳಿನಲ್ಲಿ ಒಣಗಿಸಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಎತ್ತಿನ ಕಣ್ಣಿಗೆ, ಗುಳ್ಳವ್ವನ ಸಿಂಗಾರಕ್ಕೆ ಗುಲಗಂಜಿ ಹಚ್ಚುವ ರೂಢಿ ಇದೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕಾಳು ಅದು. ಕೆಂಪು ಮೈ, ಕಪ್ಪು ಚುಕ್ಕೆ, ನೋಡಲು ಬಲು ಚೆಂದ. ಆದರೆ ಅದರೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಗಟ್ಟಿ ಸಿಪ್ಪೆ ಒಡೆದದ್ದನ್ನು ನುಂಗಿದರೆ, ಅಗಿದು ತಿಂದರೆ ಜೀವಕ್ಕೇ ಅಪಾಯ. ಅದನ್ನು ಸೂಜಿಯಿಂದ ಚುಚ್ಚಬೇಡಿ, ಒಡೆಯಬೇಡಿ. ಸಣ್ಣ ಕೂಸುಗಳಿರುವ ಮನೆಗೆ ತರಲೇಬೇಡಿ, ಎತ್ತಿನ ಕಣ್ಣಿಗೆ ಉದ್ದಿನಕಾಳು ಸಾಕು. ಯಾರಾದರೂ ಬಾಯಿಗೆ ಹಾಕಿಕೊಂಡರೆ ಏನಾಗುತ್ತದೋ ನೋಡೋಣ ಎನ್ನದೆ ಕೂಡಲೇ ದವಾಖಾನೆಗೆ ಒಯ್ಯಿರಿ.

ಬಣ್ಣ, ವಾರ್ನಿಶ್, ಅಂಟು ಯಾವುದೂ ಬೇಡ. ಪೂಜೆಯಾದ ಮೇಲೆ ಎತ್ತು ಮಣ್ಣಿಗೇ ಹೋಗಬೇಕು. ಪಟ್ಟಣದ ಫ್ಲ್ಯಾಟಿನಲ್ಲಿದ್ದರೆ ಬಕೆಟ್ ನೀರಿನಲ್ಲಿ ಕರಗಿಸಿ ಗಿಡದ ಬುಡಕ್ಕೆ ಸುರಿಯಿರಿ. ಗುಲಗಂಜಿ ಹಚ್ಚಿದ್ದರೆ ಮೊದಲು ಎಣಿಸಿ ತೆಗೆದಿಡಿ. ನಾಲ್ಕು ದಿನ ಇರುವ ಎತ್ತಿಗೆ ಇಷ್ಟು ಕಷ್ಟ ಯಾಕೆ ಎನ್ನಬೇಡಿ. ಕೈಗೆ ಹತ್ತಿದ ಹದ ಮುಂದಿನ ವರ್ಷಕ್ಕೂ ಬರುತ್ತದೆ.

ಅಮಾವಾಸ್ಯೆಗೆ ಮೂರ್ನಾಲ್ಕು ದಿನ ಮುಂಚೆಯೇ ಮಣ್ಣು ನೆನೆಹಾಕಿ, ಮನೆಯ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಅವರ ಎತ್ತು ಕುಂಟಾದರೆ ತಿದ್ದಲು ಹೋಗಬೇಡಿ. ಕುಂಟೆತ್ತು ಹಿಡಿದು ಹಾಡುತ್ತ ಮನೆಮನೆಗೆ ಜೋಳ ಬೇಡುವ ಪದ್ಧತಿ ನಮ್ಮ ಊರುಗಳಲ್ಲಿದೆ; ಅದಕ್ಕೂ ಈ ಹಬ್ಬದಲ್ಲಿ ಜಾಗ ಇದೆ. ಜಗುಲಿಯ ಮೇಲೆ ನಿಮ್ಮ ಎತ್ತಿನ ಜೊತೆಗೇ ಅದನ್ನೂ ಇಟ್ಟು ಪೂಜೆ ಮಾಡಿ.