ಕಬ್ಬಿನ ಗರಿ ಕಣ್ಣಿಗೆ ಗೀರಿದರೆ: ಮಾಡಬೇಕಾದ್ದು, ಮಾಡಬಾರದ್ದು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಕಬ್ಬು ಕಡಿಯುವವರು, ಆಲೆಮನೆಯವರು, ಭತ್ತ ಒಕ್ಕುವವರು ಮತ್ತು ಅವರ ಮನೆಯವರ ಗಮನಕ್ಕೆ.

ಕಪ್ಪುಗುಡ್ಡೆಯ ಮುಂದಿರುವ ಗಾಜಿನಂಥ ಪೊರೆಯೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ರಕ್ತನಾಳವಿಲ್ಲದ ಈ ಪೊರೆಯನ್ನು ಕಣ್ಣೀರು ಸದಾ ತೊಳೆದು ಕಾಯುತ್ತದೆ. ಮೇಲ್ಪದರ ಹರಿಯದಿರುವವರೆಗೆ ಸೋಂಕು ಸುಲಭವಾಗಿ ಒಳಗಿಳಿಯದು. ಕಬ್ಬಿನ ಗರಿಯ ಅಂಚು ಅಥವಾ ಭತ್ತದ ಹೊಟ್ಟು ಅದನ್ನು ಗೀರಿದಾಗ ಬೂಷ್ಟಿನ ಸೋಂಕು ಒಳಗೆ ಸೇರಿ ಹುಣ್ಣಾಗಬಹುದು. ಹುಣ್ಣು ಮಾಯ್ದರೂ ಬಿಳಿ ಕಲೆ ಉಳಿದು ದೃಷ್ಟಿ ಮಂಕಾಗುತ್ತದೆ.

ಮಾಡಬೇಕಾದ್ದು

ಗೀರಿದ ದಿನವೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಕೂಲಿ ಹೋಗುತ್ತದೆಂದು ನಾಳೆಗೆ ಇಡಬೇಡಿ. ನೇಪಾಳದ ಭಕ್ತಪುರದಲ್ಲಿ ಹೀಗೆ ಗೀರಿಸಿಕೊಂಡವರಿಗೆ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಮುಲಾಮು ಹಚ್ಚಿದರು. 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲವೆಂದು 2001ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರ್ ಸಿಗದಿದ್ದರೆ ಕಾಯದೆ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೊರಡಿ. ಅಲ್ಲಿ ಕಣ್ಣಿಗೆ ಹಳದಿ ಬಣ್ಣ ತಾಗಿಸಿ ನೀಲಿ ಬೆಳಕು ಬಿಡುತ್ತಾರೆ. ಕನ್ನಡಿಯಲ್ಲಿ ಕಾಣದ ಗೀರೂ ಹಸಿರಾಗಿ ಹೊಳೆಯುತ್ತದೆ. ಯಾವ ಗಿಡ, ಯಾವ ಹೊಟ್ಟು ತಾಗಿತೆಂದು ತಪ್ಪದೆ ಹೇಳಿ.

ಕಡಿಯುವಾಗ, ತರಗು ಬಿಡಿಸುವಾಗ, ಒಕ್ಕುವಾಗ ಪಕ್ಕ ಮುಚ್ಚುವ ಪ್ಲಾಸ್ಟಿಕ್ ಕನ್ನಡಕ ಹಾಕಿ. ಬೆವರಿಗೆ ಮಬ್ಬಾದರೆ ಒರೆಸಿ ಮತ್ತೆ ಹಾಕಿ.

ಆಲೆಮನೆಯ ಸುಣ್ಣವಾಗಲಿ, ಎಲೆ-ಅಡಿಕೆಯ ಸುಣ್ಣವಾಗಲಿ ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲು ತೊಳೆಯಿರಿ. ರೆಪ್ಪೆ ಅಗಲಿಸಿ ಹಿಡಿದು, ಅರ್ಧ ಗಂಟೆ ಬಿಡದೆ ಶುದ್ಧ ನೀರು ಹರಿಸಿ. ರೆಪ್ಪೆಯಡಿ ಕೂತ ಸುಣ್ಣದ ಹರಳು ಅಲ್ಲಿರುವಷ್ಟು ಹೊತ್ತೂ ಸುಡುತ್ತಲೇ ಇರುತ್ತದೆ, ಅದು ಹೋಗುವವರೆಗೆ ನಿಲ್ಲಿಸಬೇಡಿ. ಆಮೇಲೆ ತಡಮಾಡದೆ ಆಸ್ಪತ್ರೆಗೆ.



ಮಾಡಬಾರದ್ದು

ಕಣ್ಣು ಉಜ್ಜಬಾರದು. ನಾಲಿಗೆಯಿಂದ, ಸೆರಗಿನ ತುದಿಯಿಂದ ಕಸ ತೆಗೆಯಬಾರದು. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಾಕಬಾರದು. ಅಜ್ಜಿ ಪ್ರೀತಿಯಿಂದಲೇ ಹೇಳಿದರೂ ಬೇಡ.

ಎಲ್ಲಕ್ಕಿಂತ ದೊಡ್ಡ ಅಪಾಯ, ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳುವ ಡ್ರಾಪ್ಸ್. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಹಾಕಿದ ಕೂಡಲೇ ಕೆಂಪು, ನೋವು ಇಳಿಯಬಹುದು; ಒಳಗೆ ಬೂಷ್ಟು ಮಾತ್ರ ಅಡ್ಡಿಯಿಲ್ಲದೆ ಹಬ್ಬುತ್ತದೆ. ವಾಸಿಯಾಯಿತೆಂದು ಗದ್ದೆಗೆ ಹೋದವರು ಕಣ್ಣಲ್ಲಿ ಬಿಳಿ ಚುಕ್ಕೆ ಮೂಡಿದ ಮೇಲೆ ಬರುತ್ತಾರೆ. ಹೋದ ಸಲ ಪಕ್ಕದ ಮನೆಯವರಿಗೆ ಬರೆದ ಔಷಧಿಯೂ ನಿಮ್ಮದಲ್ಲ. ಈಗಾಗಲೇ ಏನಾದರೂ ಹಾಕಿದ್ದರೆ ಮುಚ್ಚಿಡದೆ ಆ ಬಾಟಲಿಯನ್ನೇ ಡಾಕ್ಟರಿಗೆ ತೋರಿಸಿ.

ಬೂಷ್ಟಿನ ಹುಣ್ಣೆಂದು ಗೊತ್ತಾದರೆ ನಟಾಮೈಸಿನ್ ಹನಿಯನ್ನು ಮೊದಮೊದಲು ಗಂಟೆಗೊಮ್ಮೆ ಹಾಕಬೇಕು, ಚಿಕಿತ್ಸೆ ವಾರಗಟ್ಟಲೆ ಹಿಡಿಯುತ್ತದೆ. ನೋವು ನಿಂತಿತೆಂದು ನಡುವೆ ಬಿಡಬಾರದು. ನಿಲ್ಲಿಸುವ ದಿನವನ್ನು ಡಾಕ್ಟರೇ ಹೇಳಬೇಕು.