ಮುದಿ ಬೆಕ್ಕು, ಸೋತ ಕಿಡ್ನಿ: ಮನೆಯಲ್ಲಿ ನೋಡ್ಕೊಳ್ಳೋದು ಹೇಗೆ?

ನಮ್ಮ ಕ್ಯಾಂಪಸ್ಸಿನಲ್ಲಿ ಬೆಕ್ಕಿಲ್ಲದ ಹಾಸ್ಟೆಲ್ ಬ್ಲಾಕ್ ಇಲ್ಲ. ಮರಿ ಕಂಡ್ರೆ ಎಲ್ಲರೂ ಫೋಟೊ ತೆಗೀತಾರೆ, ಹೆಸರಿಡ್ತಾರೆ, ಮೆಸ್ಸಿನಿಂದ ಹಾಲು ತಂದು ಹಾಕ್ತಾರೆ. ಅದೇ ಬೆಕ್ಕಿಗೆ ಹನ್ನೆರಡು ವರ್ಷ ಆದಮೇಲೆ ಏನಾಗುತ್ತೆ ಅಂತ ಯಾರೂ ಯೋಚಿಸಲ್ಲ, ಅಷ್ಟು ಹೊತ್ತಿಗೆ ನಮ್ಮ ಡಿಗ್ರಿ ಮುಗಿದು ಎಲ್ಲೋ ಹೋಗಿರ್ತೀವಿ. ಈ ಲೇಖನ ಆ ಕೊನೆಯ ವರ್ಷಗಳ ಬಗ್ಗೆ, ಅದರಲ್ಲೂ ಕಿಡ್ನಿ ಕಾಯಿಲೆಯ ಬಗ್ಗೆ. ವಯಸ್ಸಾದ ಬೆಕ್ಕುಗಳಲ್ಲಿ ಇದು ತುಂಬಾ ಸಾಮಾನ್ಯ. ಇದನ್ನ ಗುಣ ಮಾಡೋಕೆ ಆಗಲ್ಲ, ಆದ್ರೆ ಮನೆಯಲ್ಲೇ ನೋಡ್ಕೊಂಡ್ರೆ ಎಷ್ಟೋ ಬೆಕ್ಕುಗಳು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಆರಾಮಾಗಿ ಬದುಕುತ್ತವೆ.

ನಾವು ಅಂದ್ರೆ ಕಾಲೇಜಿನ ಹಿಂದಿನ ಗೇಟ್ ಹತ್ತಿರ ಬಾಡಿಗೆ ಮನೆಯಲ್ಲಿರೋ ಮೂವರು ಸೆಕೆಂಡ್ ಇಯರ್ ಹುಡುಗರು. ಬೆಕ್ಕು ನಮ್ಮದಲ್ಲ, ಮಹಡಿ ಮೇಲಿರೋ ಓನರ್ ಅಜ್ಜಿಯದು. ಹೆಸರು ಬೂದಿ, ವಯಸ್ಸು 14. ಅಜ್ಜಿಗೆ ಕಣ್ಣು ಸರಿಯಾಗಿ ಕಾಣಲ್ಲ, ಕೈ ನಡುಗುತ್ತೆ. ಹಾಗಾಗಿ ಸೂಜಿ, ತಕ್ಕಡಿ, ಲೆಕ್ಕ ಎಲ್ಲ ನಮ್ಮ ಪಾಲಿಗೆ ಬಂತು.

ಮೊದಲು ಗೊತ್ತಿರಬೇಕಾದ ವಿಷಯ: ಬೆಕ್ಕು ಕಾಯಿಲೆಯನ್ನ ತೋರಿಸಲ್ಲ. ಅದು ಬೇಟೆಗಾರನೂ ಹೌದು, ತನಗಿಂತ ದೊಡ್ಡ ಪ್ರಾಣಿಗೆ ಬೇಟೆಯೂ ಹೌದು. ದುರ್ಬಲ ಅಂತ ಕಾಣಿಸಿಕೊಂಡ್ರೆ ಕಷ್ಟ ಅನ್ನೋದು ಅದರ ರಕ್ತದಲ್ಲೇ ಇದೆ. ಗುರ್ ಗುರ್ ಅಂತಿದೆ, ಖುಷಿಯಾಗಿದೆ ಅನ್ನೋ ಲೆಕ್ಕ ಕೂಡ ಪೂರ್ತಿ ಸರಿಯಲ್ಲ, ನೋವಿನಲ್ಲಿರೋ ಬೆಕ್ಕೂ ಗುರುಗುಟ್ಟುತ್ತೆ. ಅದಕ್ಕೇ "ನೋಡೋಕೆ ಚೆನ್ನಾಗೇ ಇದೆಯಲ್ಲ" ಅನ್ನೋ ಮಾತನ್ನ ನಂಬಬೇಡಿ. ಅಳತೆ ಮಾಡಿ.

ಅಳೆಯೋದಕ್ಕೆ ತೂಕಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಬಾತ್‌ರೂಮ್ ಸ್ಕೇಲ್ ಮೇಲೆ ನೀವು ಬೆಕ್ಕನ್ನ ಎತ್ತಿಕೊಂಡು ನಿಂತು, ನಿಮ್ಮ ತೂಕ ಕಳೆದರೆ ಬರೋ ಉತ್ತರದಲ್ಲಿ ಎರಡು ರೀಡಿಂಗ್‌ಗಳ ಎರರ್ ಸೇರಿರುತ್ತೆ. 3 ಕೆಜಿ ಪ್ರಾಣಿಗೆ ಅದು ಸಾಲದು. ನಾವು ಭಾನುವಾರ ಬೆಳಿಗ್ಗೆ ಬೂದಿಯನ್ನ ತರಕಾರಿ ಬುಟ್ಟಿಯಲ್ಲಿ ಕೂರಿಸಿ ಮೂಲೆಯ ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿ ಮೇಲೆ ಇಡ್ತೀವಿ. ಅಂಗಡಿ ಅಣ್ಣ ಪ್ರತಿ ಸಲ "ಕೆಜಿಗೆ ಎಷ್ಟು?" ಅಂತ ಕೇಳ್ತಾರೆ. ಜೋಕ್ ಹಳೇದಾಗಿದೆ, ರೀಡಿಂಗ್ ಮಾತ್ರ ಗ್ರಾಂ ಲೆಕ್ಕದಲ್ಲಿ ಸಿಗುತ್ತೆ. ಎರಡು ತಿಂಗಳಲ್ಲಿ ಬೂದಿ 3.6 ಕೆಜಿಯಿಂದ 3.2ಕ್ಕೆ ಇಳಿದಳು. 400 ಗ್ರಾಂ ಏನು ಮಹಾ ಅನ್ನಿಸಬಹುದು. ಆದ್ರೆ ಅದು ಶೇಕಡ 11. 63 ಕೆಜಿ ಇರೋ ಹುಡುಗ ಎರಡು ತಿಂಗಳಲ್ಲಿ 7 ಕೆಜಿ ಇಳಿದ ಹಾಗೆ. ಬೂದಿಗೆ ಉದ್ದ ಕೂದಲು ಬೇರೆ, ಕಣ್ಣಿಗೆ ಏನೂ ಗೊತ್ತಾಗ್ತಿರಲಿಲ್ಲ. ಬುಕ್ಕಿನಲ್ಲಿದ್ದ ಎಂಟು ನಂಬರ್‌ಗಳನ್ನ ನೋಡೇ ನಾವು ಅವಳನ್ನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದು.

ಎರಡನೇ ಅಳತೆ ನೀರು ಮತ್ತು ಉಚ್ಚೆ. ಕಿಡ್ನಿ ಹಾಳಾದ್ರೆ ಉಚ್ಚೆ ಕಮ್ಮಿಯಾಗುತ್ತೆ ಅಂತ ನಮಗೆ ಅನ್ನಿಸುತ್ತೆ. ಈ ಕಾಯಿಲೆಯಲ್ಲಿ ಉಲ್ಟಾ. ಬೆಕ್ಕಿನ ಪೂರ್ವಜರು ಒಣಭೂಮಿಯ ಕಾಡುಬೆಕ್ಕುಗಳು, ಹಾಗಾಗಿ ನೀರು ಉಳಿಸಿ ತುಂಬಾ ಗಟ್ಟಿಯಾದ ಉಚ್ಚೆ ಮಾಡೋದು ಆರೋಗ್ಯವಂತ ಬೆಕ್ಕಿನ ಕಿಡ್ನಿಯ ವಿಶೇಷ ಕಲೆ. ನೆಫ್ರಾನ್‌ಗಳು ಒಂದೊಂದಾಗಿ ಸತ್ತಾಗ ಮೊದಲು ಹೋಗೋದು ಈ ಕಲೆ. ನೀರು ಹಾಗೇ ಸೋರಿ ಹೋಗುತ್ತೆ, ಅದನ್ನ ತುಂಬೋಕೆ ಬೆಕ್ಕು ಜಾಸ್ತಿ ಕುಡಿಯುತ್ತೆ. ಬಟ್ಟಲಿಗೆ ಅಳತೆ ಮಾಡಿ ನೀರು ಹಾಕಿ, ಮರುದಿನ ಉಳಿದಿದ್ದನ್ನ ಅಳೆದರೆ ಗೊತ್ತಾಗುತ್ತೆ. ಮರಳಿನ ಟ್ರೇ ಇದ್ದರೆ ದಿನಕ್ಕೆ ಎಷ್ಟು ಉಂಡೆ, ಎಷ್ಟು ದೊಡ್ಡದು ಅಂತ ನೋಡಿ.

ಹತ್ತು ಪಂಪ್ ಪ್ಯಾರಲಲ್ ಆಗಿ ಓಡ್ತಾ ಇವೆ ಅಂದುಕೊಳ್ಳಿ. ಒಂದೆರಡು ಕೆಟ್ಟರೆ ಉಳಿದವು ಲೋಡ್ ಹಂಚಿಕೊಳ್ಳುತ್ತವೆ, ಹೊರಗಿನಿಂದ ನೋಡಿದವರಿಗೆ ಏನೂ ವ್ಯತ್ಯಾಸ ಕಾಣಲ್ಲ. ಉಚ್ಚೆ ತೆಳುವಾಗೋ ಹೊತ್ತಿಗೆ ಕಿಡ್ನಿಯ ಸುಮಾರು ಮೂರನೇ ಎರಡು ಭಾಗ ಹೋಗಿರುತ್ತೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಮೇಲೇರೋ ಹೊತ್ತಿಗೆ ಸುಮಾರು ಮುಕ್ಕಾಲು ಭಾಗ. ಅಂದ್ರೆ ರಿಪೋರ್ಟ್ ಬಂದ ದಿನ ಕಾಯಿಲೆ ಶುರುವಾಗಿದ್ದಲ್ಲ.

ರಿಪೋರ್ಟ್ ಓದೋಕೆ ಇಂಟರ್‌ನ್ಯಾಷನಲ್ ರೀನಲ್ ಇಂಟರೆಸ್ಟ್ ಸೊಸೈಟಿ ಮಾಡಿರೋ ನಾಲ್ಕು ಹಂತಗಳಿವೆ. ಬೆಕ್ಕಿನ ಕ್ರಿಯಾಟಿನಿನ್ 1.6ಕ್ಕಿಂತ ಕಡಿಮೆ ಇದ್ದರೆ ಮೊದಲ ಹಂತ, 1.6ರಿಂದ 2.8 ಎರಡನೇದು, 2.9ರಿಂದ 5 ಮೂರನೇದು, ಅದಕ್ಕೂ ಮೇಲೆ ನಾಲ್ಕನೇದು. ಬೂದಿಯದು 3.4. ತೂಕ ಇಳಿದ ಬೆಕ್ಕಿಗೆಲ್ಲ ಕಿಡ್ನಿ ಕಾಯಿಲೆ ಅಂತ ಅಲ್ಲ. ಚೆನ್ನಾಗಿ ತಿಂದೂ ತೂಕ ಇಳೀತಿದ್ದರೆ ಥೈರಾಯ್ಡ್ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು. ಪರೀಕ್ಷೆ ಬೇಕೇ ಬೇಕು. ಖಾಸಗಿ ಕ್ಲಿನಿಕ್ ದುಬಾರಿ ಅನ್ನಿಸಿದ್ರೆ, ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿನ ಆಸ್ಪತ್ರೆಗೆ ಹೋಗಬಹುದು.

ಈಗ ಸೂಜಿಯ ವಿಷಯ. ಸೋರಿ ಹೋಗೋ ನೀರನ್ನ ಬರೀ ಕುಡಿದು ತುಂಬೋಕೆ ಆಗದಿದ್ದಾಗ ಚರ್ಮದ ಕೆಳಗೆ ಸಲೈನ್ ತರಹದ ದ್ರವ ಹಾಕ್ತಾರೆ. ನರಕ್ಕೆ ಅಲ್ಲ, ಚರ್ಮಕ್ಕೂ ಮಾಂಸಕ್ಕೂ ನಡುವಿನ ಜಾಗಕ್ಕೆ. ಅದಕ್ಕೇ ಇದನ್ನ ಮನೆಯಲ್ಲಿ ಮಾಡಬಹುದು. ಬೂದಿಗೆ ದಿನ ಬಿಟ್ಟು ದಿನ 100 ಮಿಲಿ ರಿಂಗರ್ ಲ್ಯಾಕ್ಟೇಟ್. ಇದು ಅವಳ ಪ್ರಮಾಣ, ನಿಮ್ಮ ಬೆಕ್ಕಿಗೆ ಎಷ್ಟು ಅಂತ ಡಾಕ್ಟರೇ ಹೇಳಬೇಕು. ಹೃದಯದ ತೊಂದರೆ ಇರೋ ಬೆಕ್ಕಿಗೆ ಇದೇ ದ್ರವ ಶ್ವಾಸಕೋಶ ಸೇರಿ ಪ್ರಾಣ ತೆಗೆಯಬಹುದು. ಮೊದಲ ಎರಡು ಸಲ ಕ್ಲಿನಿಕ್ಕಿನಲ್ಲಿ ಅವರ ಮುಂದೆಯೇ ಮಾಡಿ ಕಲಿಯಿರಿ.

ಬಾಟಲನ್ನ ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ಮೈಬಿಸಿಗೆ ತರಬೇಕು, ಮಣಿಕಟ್ಟಿಗೆ ತಾಗಿಸಿ ನೋಡಿದ್ರೆ ತಣ್ಣಗೂ ಅಲ್ಲ ಸುಡೋದೂ ಅಲ್ಲ ಅನ್ನಿಸಬೇಕು. ಕಿಟಕಿ ಸರಳಿಗೆ ನೇತುಹಾಕಿ, ಪೈಪಿನಲ್ಲಿರೋ ಗಾಳಿ ಹೊರಗೆ ಬಿಡಿ. ಬೂದಿ ಅಜ್ಜಿಯ ಮಡಿಲಲ್ಲೇ ಕೂರೋದು. ಭುಜಗಳ ನಡುವಿನ ಸಡಿಲ ಚರ್ಮವನ್ನ ಎರಡು ಬೆರಳಲ್ಲಿ ಎತ್ತಿದರೆ ಪುಟ್ಟ ಟೆಂಟ್ ಆಗುತ್ತೆ. ಆ ಟೆಂಟಿನ ಬುಡಕ್ಕೆ, ಬೆನ್ನಿಗೆ ಸಮಾನಾಂತರವಾಗಿ, ಸೂಜಿಯ ಓರೆ ಬಾಯಿ ಮೇಲೆ ಬರೋ ಹಾಗೆ ಹಿಡಿದು ಚುಚ್ಚಬೇಕು. ನಿಧಾನಕ್ಕೆ ಚುಚ್ಚಿದರೆ ಜಾಸ್ತಿ ನೋವು. ಇನ್ನೊಂದು ಕಡೆಯಿಂದ ಸೂಜಿ ಹೊರಗೆ ಬಂದಿದ್ರೆ ಕೂದಲು ಒದ್ದೆಯಾಗುತ್ತೆ, ತೆಗೆದು ಹೊಸ ಸೂಜಿಯಲ್ಲಿ ಮತ್ತೆ ಚುಚ್ಚಿ. ಮುಗಿಯೋ ಹೊತ್ತಿಗೆ ಬೆನ್ನ ಮೇಲೆ ಒಂಟೆ ಗೂನಿನ ಹಾಗೆ ಉಬ್ಬುತ್ತೆ. ಆಮೇಲೆ ಅದು ಮುಂಗಾಲಿನ ಕಡೆ ಜಾರಿ ಕೆಲವು ಗಂಟೆಗಳಲ್ಲಿ ಇಂಗಿ ಹೋಗುತ್ತೆ, ಹೆದರಬೇಡಿ.

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಇಲ್ಲಿ ಒಂದು ಲೆಕ್ಕ ಇದೆ. ಹೇಗನ್-ಪಾಯ್ಸ್ಯೂಲ್ ಪ್ರಕಾರ ಹರಿವು ಒತ್ತಡಕ್ಕೆ ನೇರ ಅನುಪಾತ, ಆದ್ರೆ ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತ. ಬಾಟಲನ್ನ ಎರಡು ಪಟ್ಟು ಎತ್ತರಕ್ಕೆ ಏರಿಸಿದರೆ ಹರಿವು ಎರಡು ಪಟ್ಟು, ಅಷ್ಟೇ. 20 ಗೇಜ್ ಸೂಜಿಯ ಒಳ ವ್ಯಾಸ ಸುಮಾರು 0.6 ಮಿಮೀ, 18 ಗೇಜ್‌ದು ಸುಮಾರು 0.84. ಲೆಕ್ಕ ಹಾಕಿದ್ರೆ ಹರಿವು ಮೂರೂವರೆ ಪಟ್ಟಿಗಿಂತ ಜಾಸ್ತಿ. ನಮ್ಮ ಮನೆಯಲ್ಲಿ 20ರಲ್ಲಿ ಹತ್ತು ನಿಮಿಷ ಆಗ್ತಿದ್ದ ಕೆಲಸ 18ರಲ್ಲಿ ನಾಲ್ಕು ನಿಮಿಷಕ್ಕೆ ಮುಗಿಯುತ್ತೆ. ಸಣ್ಣ ಸೂಜಿ ಅಂದ್ರೆ ದಯೆ ಅಂತ ಅನ್ನಿಸುತ್ತೆ, ಆದ್ರೆ ಮುದಿ ಬೆಕ್ಕಿಗೆ ಹತ್ತು ನಿಮಿಷ ಅಲುಗಾಡದೆ ಕೂರೋದು ದೊಡ್ಡ ಶಿಕ್ಷೆ. ಆದ್ರೂ ಕೆಲವು ಬೆಕ್ಕುಗಳು ದಪ್ಪ ಸೂಜಿಯನ್ನ ಸಹಿಸಲ್ಲ, ಡಾಕ್ಟರನ್ನ ಕೇಳಿ ಆರಿಸಿಕೊಳ್ಳಿ. ಪ್ರತಿ ಸಲ ಹೊಸ ಸೂಜಿ. ಬಳಸಿದ ಸೂಜಿಗಳನ್ನ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಸಿ ಕ್ಲಿನಿಕ್ಕಿಗೆ ವಾಪಸ್ ಕೊಡಿ. ಕಸದ ಚೀಲಕ್ಕೆ ಹಾಕಿದ್ರೆ ಅದು ಚುಚ್ಚೋದು ಪೌರಕಾರ್ಮಿಕರ ಕೈಗೆ.

ದ್ರವ ಹಾಕ್ತಾ ಇರೋ ಬೆಕ್ಕು ಮಲಗಿದ್ದಾಗ ಉಸಿರು ಎಣಿಸೋ ಅಭ್ಯಾಸ ಮಾಡಿಕೊಳ್ಳಿ. ನಿಮಿಷಕ್ಕೆ 30ರ ಒಳಗಿರಬೇಕು. ಮೇಲೆ ಹೋಗ್ತಾನೇ ಇದ್ದರೆ ಮುಂದಿನ ಬಾಟಲ್ ಮುಟ್ಟೋ ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಊಟದ ವಿಷಯಕ್ಕೆ ಬಂದರೆ, ಬೆಕ್ಕು ಮಾಂಸಾಹಾರಿಯಾಗಲೇಬೇಕಾದ ಪ್ರಾಣಿ. ಮೊಸರನ್ನ, ಬಿಸ್ಕೆಟ್, ಹಾಲಿನಲ್ಲಿ ಅದರ ದೇಹ ನಡೆಯಲ್ಲ. ಟಾರಿನ್ ಅನ್ನೋ ಅಂಶ ಮಾಂಸದಿಂದಲೇ ಬರಬೇಕು, ಅದಿಲ್ಲದಿದ್ರೆ ಬೆಕ್ಕಿನ ಹೃದಯ ಸೋಲುತ್ತೆ ಅಂತ 1987ರಲ್ಲೇ ಗೊತ್ತಾಗಿದೆ. ದೊಡ್ಡ ಬೆಕ್ಕುಗಳಲ್ಲಿ ತುಂಬಾ ಜನಕ್ಕೆ, ಅಲ್ಲ, ತುಂಬಾ ಬೆಕ್ಕುಗಳಿಗೆ ಹಾಲು ಜೀರ್ಣವಾಗಲ್ಲ, ಭೇದಿಯಾಗಿ ಇರೋ ನೀರೂ ಹೋಗುತ್ತೆ. ಕಿಡ್ನಿ ಬೆಕ್ಕುಗಳಿಗೆ ರಂಜಕ ಕಡಿಮೆ ಇರೋ ಬೇರೆ ಆಹಾರವೇ ಸಿಗುತ್ತೆ, ಬೆಲೆ ಜಾಸ್ತಿ. ಒಣ ಕಾಳಿನಲ್ಲಿ ನೀರು ಸುಮಾರು ಶೇಕಡ 10, ಹಸಿ ಆಹಾರದಲ್ಲಿ 75ಕ್ಕೂ ಮೇಲೆ, ಆದ್ದರಿಂದ ಹಸಿಯೇ ಒಳ್ಳೇದು. ಆದ್ರೆ ನಮ್ಮ ಡಾಕ್ಟರ್ ಹೇಳಿದ ಒಂದು ಮಾತು ನಮಗೆ ತುಂಬಾ ಉಪಯೋಗ ಆಯ್ತು: ತಿನ್ನದೇ ಬಿಟ್ಟ ಕಿಡ್ನಿ ಆಹಾರಕ್ಕಿಂತ ತಿಂದ ಮಾಮೂಲಿ ಆಹಾರ ಮೇಲು. ಮೂತಿ ತಿರುಗಿಸಿದ್ರೆ ಸ್ವಲ್ಪ ಬೆಚ್ಚಗೆ ಮಾಡಿ ಕೊಡಿ, ವಾಸನೆ ಏಳುತ್ತೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಬೇಡವೇ ಬೇಡ, ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತೆ. ಒಂದು ದಿನ ಪೂರ್ತಿ ತಿನ್ನದಿದ್ರೆ ಡಾಕ್ಟರಿಗೆ ಹೇಳಿ. ಎರಡು-ಮೂರು ದಿನ ಉಪವಾಸ ಇದ್ದರೆ ಲಿವರಿಗೆ ಕೊಬ್ಬು ತುಂಬಿಕೊಂಡು ಹೊಸ ಕಾಯಿಲೆಯೇ ಶುರುವಾಗುತ್ತೆ. ನಾಯಿ ತಡೆದುಕೊಳ್ಳೋ ಉಪವಾಸವನ್ನ ಬೆಕ್ಕು ತಡೆಯಲ್ಲ.

ಹಾಸ್ಟೆಲಿನವರು ಈ ಪ್ಯಾರಾ ಮಾತ್ರ ಓದಿದ್ರೂ ಸಾಕು. ಬೆಕ್ಕಿಗೆ ಜ್ವರ, ಮೈಕೈ ನೋವು ಅಂತ ಪ್ಯಾರಾಸಿಟಮಾಲ್ ಕೊಡಬೇಡಿ, ಅರ್ಧ ಮಾತ್ರೆಯೂ ಬೇಡ. ನಮ್ಮ ಲಿವರ್ ಅದನ್ನ ಒಡೆದು ಹೊರಹಾಕೋ ದಾರಿ ಬೆಕ್ಕಿನ ಲಿವರಿನಲ್ಲಿ ಸರಿಯಾಗಿ ಇಲ್ಲ. ವಿಷ ಉಳಿದು ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದ ಹಾಗೆ ಆಗುತ್ತೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತೆ, ಮುಖ ಊದಿಕೊಳ್ಳುತ್ತೆ. ಒಂದು ಮಾತ್ರೆ ಒಂದು ಬೆಕ್ಕನ್ನ ಕೊಲ್ಲೋಕೆ ಸಾಕು. ಬೊಕೆಯಲ್ಲಿ ಬರೋ ಲಿಲಿ ಹೂವೂ ಅಷ್ಟೇ, ಅದರ ಪರಾಗ ನೆಕ್ಕಿದ್ರೂ ಕಿಡ್ನಿ ಕೈಕೊಡುತ್ತೆ. ಗಂಡು ಬೆಕ್ಕು ಉಚ್ಚೆಗೆ ಕೂತು ಕೂತು ಎದ್ದು ಏನೂ ಬರ್ತಿಲ್ಲ ಅಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, ಅದೇ ರಾತ್ರಿ ಹೊರಡಿ.

ಮುದಿ ಬೆಕ್ಕಿಗೆ ಕಿಡ್ನಿ ಒಂದೇ ಕಷ್ಟ ಅಲ್ಲ. ಹನ್ನೆರಡು ವರ್ಷ ದಾಟಿದ ಬೆಕ್ಕುಗಳ ಎಕ್ಸ್-ರೇ ನೋಡಿದ 2002ರ ಒಂದು ಅಧ್ಯಯನದಲ್ಲಿ ಶೇಕಡ 90ರಷ್ಟಕ್ಕೆ ಕೀಲು ಸವೆದ ಗುರುತು ಇತ್ತು. "ಸೋಮಾರಿ ಆಗಿದೆ" ಅನ್ನೋ ಬೆಕ್ಕಿಗೆ ಎಷ್ಟೋ ಸಲ ಮಂಡಿ ನೋವು. ಬೂದಿ ಮಲಗೋ ದಿವಾನಿಗೆ ಹಳೇ ರೆಕಾರ್ಡ್ ಬುಕ್‌ಗಳನ್ನ ಕಟ್ಟಿ ಮೆಟ್ಟಿಲು ಮಾಡಿದ್ದೀವಿ (ಅವುಗಳ ಅತ್ಯುತ್ತಮ ಉಪಯೋಗ ಇದೇ ಅಂತ ನಮ್ಮ ಅಭಿಪ್ರಾಯ). ಮರಳಿನ ಟ್ರೇಯ ಒಂದು ಬದಿ ತಗ್ಗಾಗಿ ಕತ್ತರಿಸಿದ್ದೀವಿ. ಉಗುರು ಬೆಳೆದು ಅಂಗಾಲಿಗೆ ಚುಚ್ಚಿಕೊಳ್ಳುತ್ತೆ, ತಿಂಗಳಿಗೊಮ್ಮೆ ನೋಡಬೇಕು.

ನೋವು ಇದೆಯಾ ಅಂತ ಮುಖ ನೋಡಿ ಅಳೆಯೋಕೂ ಒಂದು ವಿಧಾನ ಇದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ್ದು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಇರೋ ರೀತಿ, ಈ ಐದಕ್ಕೆ ತಲಾ 0ಯಿಂದ 2 ಅಂಕ. ಕಿವಿ ಪಕ್ಕಕ್ಕೆ ತಿರುಗಿ ಅಗಲವಾಗಿದ್ರೆ, ಕಣ್ಣು ಅರ್ಧ ಮುಚ್ಚಿದ್ರೆ, ಮೀಸೆ ನೆಟ್ಟಗೆ ಮುಂದಕ್ಕೆ ಬಂದಿದ್ರೆ, ತಲೆ ಭುಜಕ್ಕಿಂತ ಕೆಳಗಿದ್ರೆ ಅಂಕ ಏರುತ್ತೆ. ಹತ್ತಕ್ಕೆ ನಾಲ್ಕು ಬಂದ್ರೆ ನೋವಿನ ಔಷಧಿ ಬೇಕಾಗಬಹುದು. ನಿದ್ದೆಯಲ್ಲಿರೋ, ತಿಂತಾ ಇರೋ ಬೆಕ್ಕಿಗೆ ಈ ಅಂಕ ಹಾಕಬಾರದು.

ಕೊನೆಗೆ, ಎಷ್ಟು ದಿನ ಅನ್ನೋ ಪ್ರಶ್ನೆ. ಅಜ್ಜಿ ಮೊದಲ ವಾರವೇ ಕೇಳಿದ್ರು, "ಇಷ್ಟೆಲ್ಲ ಚುಚ್ಚಿ ಅದಕ್ಕೆ ಹಿಂಸೆ ಕೊಡ್ತಾ ಇದ್ದೀವೇನೋ, ಅಲ್ವೇನ್ರಪ್ಪಾ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇದಕ್ಕೆ ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಮಾಡಿದ ಒಂದು ಪಟ್ಟಿ ಇದೆ: ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿವೆಯಾ. ಒಂದೊಂದಕ್ಕೆ ಹತ್ತು ಅಂಕ, ಜಾಸ್ತಿ ಬಂದಷ್ಟು ಬೆಕ್ಕು ಆರಾಮ. ಎಪ್ಪತ್ತಕ್ಕೆ 35ಕ್ಕಿಂತ ಮೇಲಿದ್ರೆ ಆರೈಕೆ ಮುಂದುವರಿಸಬಹುದು. ಕೆಳಗೆ ಹೋಗಿ ಅಲ್ಲೇ ಉಳಿದ್ರೆ ದಯಾಮರಣದ ಬಗ್ಗೆ ಡಾಕ್ಟರ್ ಜೊತೆ ಮಾತಾಡೋ ಹೊತ್ತು. ಅಂಕವನ್ನ ಒಟ್ಟಿಗೆ ಕೂತು ಹಾಕಬೇಡಿ, ಒಬ್ಬೊಬ್ಬರೇ ಬರೆದು ಆಮೇಲೆ ಹೋಲಿಸಿ, ಇಲ್ಲಾಂದ್ರೆ ಮೊದಲು ಮಾತಾಡಿದವರ ಅಂಕವೇ ಎಲ್ಲರದ್ದೂ ಆಗುತ್ತೆ. ಯಾವ ಅಂಕಕ್ಕೆ ನಿಲ್ಲಿಸಬೇಕು ಅನ್ನೋದನ್ನ ಬೆಕ್ಕು ಚೆನ್ನಾಗಿರೋವಾಗಲೇ ಮಾತಾಡಿಕೊಳ್ಳಿ. ನಾವು ಅಜ್ಜಿ ಜೊತೆ ಆ ಮಾತು ಮುಗಿಸಿದ್ದೀವಿ. ಅವತ್ತು ಯಾರಿಗೂ ಊಟ ಸರಿಯಾಗಿ ಸೇರಲಿಲ್ಲ.

ಕಳೆದ ಭಾನುವಾರ ನಮ್ಮ ಮೂವರ ಅಂಕ 48, 51, 50. ಅಜ್ಜಿಯದು 62. ತೂಕ 3.25 ಕೆಜಿ. ಸೆಮ್ ರಜೆಗೆ ಇಬ್ಬರು ಊರಿಗೆ ಹೋಗ್ತಾರೆ, ಒಬ್ಬ ಉಳೀತಾನೆ. ಅವನೊಬ್ಬನೇ ಇದ್ದಾಗ ಜ್ವರ ಬಂದು ಮಲಗಿದ್ರೆ ಅಂತ ಎದುರು ಮನೆಯ ಪಿಯು ಹುಡುಗಿಗೆ ಸೂಜಿ ಹಾಕೋದು ಹೇಳಿಕೊಡ್ತಾ ಇದ್ದೀವಿ. ಸದ್ಯಕ್ಕೆ ಅವಳು ಮೂಸಂಬಿ ಹಣ್ಣಿನ ಮೇಲೆ ಪ್ರಾಕ್ಟೀಸ್ ಮಾಡ್ತಿದ್ದಾಳೆ.