ನಾಯಿಗೆ ಮನೆಯ ಅಡಿಗೆಯೋ, ಅಂಗಡಿಯ ಪೊಟ್ಟಣವೋ?

ನಾಯಿ ಸಾಕಿದ ಮನೆಗಳಲ್ಲಿ ಈಗ ಒಂದು ವಾದ ನಡೆಯುವುದುಂಟು. ಮೊಸರನ್ನವನ್ನೋ ರಾಗಿ ಅಂಬಲಿಯನ್ನೋ ಹಾಕಿದರೆ ಸಾಕೆಂದು ಹಿರಿಯರು ಹೇಳುತ್ತಾರೆ, "ನಮ್ಮ ಹಟ್ಟಿಯ ನಾಯಿಗಳು ಅದನ್ನೇ ತಿಂದು ಬಾಳಲಿಲ್ಲವೆ?" ಎಂದು ಕೇಳುತ್ತಾರೆ. ಅಂಗಡಿಯಿಂದ ತಂದ ಒಣ ಆಹಾರದ ಪೊಟ್ಟಣವೇ ಶಾಸ್ತ್ರೀಯವಾದುದೆಂದು ಕಿರಿಯರು ಹಟ ಹಿಡಿಯುತ್ತಾರೆ. ಆಹಾರವು ಬೆಂದದ್ದು ಅಡಿಗೆಮನೆಯಲ್ಲೋ ಕಾರ್ಖಾನೆಯಲ್ಲೋ ಎಂಬುದು ನಾಯಿಯ ಎಲುಬಿಗಾಗಲಿ ರಕ್ತಕ್ಕಾಗಲಿ ತಿಳಿಯದು. ಅವುಗಳಿಗೆ ಇಂತಿಷ್ಟು ಸಸಾರಜನಕ, ಇಂತಿಷ್ಟು ಮೇದಸ್ಸು, ಇಂತಿಷ್ಟು ಲವಣ, ಇಂತಿಷ್ಟು ಜೀವಸತ್ತ್ವ ದೊರೆಯಬೇಕು. ಆದುದರಿಂದ ಈ ವಾದವನ್ನು ನಾವು ಲೆಕ್ಕದಿಂದಲೇ ತೀರ್ಮಾನಿಸಬೇಕಾಗಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳೋಣ. ನಾಯಿ ತೋಳನ ಸಂತತಿ, ಅದಕ್ಕೆ ಅನ್ನ ಸಲ್ಲದು, ಮಾಂಸವೇ ಆಗಬೇಕೆಂದು ಹೇಳುವವರಿದ್ದಾರೆ. ೨೦೧೩ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಅವರ ಸಂಗಡಿಗರು ತೋಳ ಮತ್ತು ನಾಯಿಗಳ ಜೀನುಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುವ ಅಮೈಲೇಸ್ ಎಂಬ ಕಿಣ್ವಕ್ಕೆ ಕಾರಣವಾದ ಜೀನಿನ ಪ್ರತಿಗಳು ತೋಳದಲ್ಲಿ ಎರಡೇ. ನಾಯಿಯಲ್ಲಾದರೋ ನಾಲ್ಕರಿಂದ ಮೂವತ್ತರವರೆಗೆ ಇವೆ. ಬೇಸಾಯಗಾರನ ಹೊಸ್ತಿಲಲ್ಲಿ ಸಾವಿರಾರು ವರ್ಷ ಕಾದು ಕುಳಿತ ಈ ಪ್ರಾಣಿಯ ದೇಹ ಅವನ ಧಾನ್ಯಕ್ಕೆ ಹೊಂದಿಕೊಂಡಿದೆ. ಚೆನ್ನಾಗಿ ಬೆಂದ ಅನ್ನವೂ ಮುದ್ದೆಯೂ ನಾಯಿಗೆ ಜೀರ್ಣವಾಗುತ್ತವೆ. (ಬೆಕ್ಕಿನ ವಿಷಯ ಬೇರೆ; ಅದು ಮಾಂಸವಿಲ್ಲದೆ ಬಾಳಲಾರದ ಜೀವಿ.)

ಜೀರ್ಣವಾಗುವುದು ಒಂದು, ಪೋಷಿಸುವುದು ಮತ್ತೊಂದು. ಇದನ್ನು ಲೋಕಕ್ಕೆ ತೋರಿಸಿಕೊಟ್ಟವೂ ನಾಯಿಗಳೇ. ಇಂಗ್ಲೆಂಡಿನ ಎಡ್ವರ್ಡ್ ಮೆಲ್ಲನ್‌ಬಿ ಎಂಬ ವಿಜ್ಞಾನಿ ನಾಯಿಮರಿಗಳನ್ನು ಒಳಗೇ ಇರಿಸಿ, ಗಂಜಿ, ಬ್ರೆಡ್ಡು, ಹಾಲುಗಳ ಮೇಲೆ ಬೆಳೆಸಿದರು. ಮರಿಗಳ ಹೊಟ್ಟೆ ತುಂಬುತ್ತಿತ್ತು. ಆದರೂ ಕೆಲವು ತಿಂಗಳಲ್ಲಿ ಅವುಗಳ ಮುಂಗಾಲುಗಳು ಬಿಲ್ಲಿನಂತೆ ಬಾಗಿದವು, ಕೀಲುಗಳು ದಪ್ಪಗಾದವು. ಅದು ರಿಕೆಟ್ಸ್ ಎಂಬ ಎಲುಬಿನ ರೋಗ. ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನು ಕೊಟ್ಟ ಮರಿಗಳಿಗೆ ಅದು ತಗಲಲಿಲ್ಲ. ೧೯೧೯ರಲ್ಲಿ ಪ್ರಕಟವಾದ ಈ ಪ್ರಯೋಗಗಳಿಂದಲೇ ಡಿ ಜೀವಸತ್ತ್ವದ ಕಡೆಗೆ ದಾರಿ ತೆರೆಯಿತು. ಧಾನ್ಯಗಳಲ್ಲಿರುವ ಫೈಟಿಕ್ ಆಮ್ಲವು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಅದು ಕರುಳಿಗೆ ದಕ್ಕದಂತೆ ಮಾಡುತ್ತದೆಂಬುದು ಆಮೇಲೆ ತಿಳಿಯಿತು. ಮನುಷ್ಯನ ಚರ್ಮ ಬಿಸಿಲಿನಲ್ಲಿ ಡಿ ಜೀವಸತ್ತ್ವವನ್ನು ತಯಾರಿಸಿಕೊಳ್ಳುತ್ತದೆ. ನಾಯಿಯ ಚರ್ಮ ಸಾಕಷ್ಟು ತಯಾರಿಸಲಾರದು. ಅದಕ್ಕೆ ಆಹಾರವೇ ಗತಿ. ಸಿ ಜೀವಸತ್ತ್ವದ ವಿಷಯ ಇದಕ್ಕೆ ತಲೆಕೆಳಗು: ನಾವು ಅದನ್ನು ತಿಂದೇ ಪಡೆಯಬೇಕು, ನಾಯಿ ತನ್ನ ಯಕೃತ್ತಿನಲ್ಲಿಯೇ ಮಾಡಿಕೊಳ್ಳುತ್ತದೆ. ನಮಗೆ ಒಳ್ಳೆಯದಾದ ಊಟ ನಾಯಿಗೂ ಒಳ್ಳೆಯದೆಂಬ ಭಾವನೆ ಇಲ್ಲಿಯೇ ಮುರಿದುಬೀಳುತ್ತದೆ.

ಹಾಗಾದರೆ ಹಟ್ಟಿಯ ನಾಯಿ ಬಾಳಿದ್ದು ಹೇಗೆ? ಅದು ಅಂಬಲಿಯನ್ನು ಮಾತ್ರ ತಿನ್ನುತ್ತಿರಲಿಲ್ಲ. ಹೊಲದ ಇಲಿ, ತಿಪ್ಪೆಯ ಎಲುಬು, ದನ ಈಯ್ದಾಗ ಬಿದ್ದ ಸತ್ತೆ, ಹಬ್ಬದ ದಿನದ ಕರುಳು-ಕೊಬ್ಬು ಇವೆಲ್ಲ ಅದರ ಊಟಕ್ಕೆ ಸೇರುತ್ತಿದ್ದುವು. ಸೊರಗಿ ಸತ್ತ ಮರಿಗಳನ್ನು ಯಾರೂ ಎಣಿಸಿಡಲಿಲ್ಲ. ಪಟ್ಟಣದ ಮೂರನೆಯ ಅಂತಸ್ತಿನಲ್ಲಿ ಬೆಳೆಯುವ ಮರಿ ಇಲಿ ಹಿಡಿಯಲು ಹೋಗಲಾರದು. ನಾವು ತಟ್ಟೆಯಲ್ಲಿ ಇಟ್ಟುದೇ ಅದರ ಪಾಲಿನ ಇಡೀ ಪ್ರಪಂಚ. ನಾವು ಮರೆತುದು ಅದಕ್ಕೆ ಎಂದಿಗೂ ದೊರೆಯದು.

ಈಗ ಲೆಕ್ಕಕ್ಕೆ ಬರೋಣ. ಓದುಗರು ಕಾಗದ ಪೆನ್ಸಿಲುಗಳನ್ನು ತೆಗೆದುಕೊಳ್ಳಬಹುದು. ನಾಯಿಯ ತೂಕ ೧೦ ಕಿಲೋಗ್ರಾಂ ಎನ್ನೋಣ. ಅದರ ಘನ ೧೦೦೦, ವರ್ಗಮೂಲ ೩೧.೬, ಮತ್ತೊಮ್ಮೆ ವರ್ಗಮೂಲ ತೆಗೆದರೆ ೫.೬೨. ಇದನ್ನು ೭೦ರಿಂದ ಗುಣಿಸಿದರೆ ಸುಮ್ಮನೆ ಮಲಗಿರುವ ನಾಯಿಗೆ ದಿನಕ್ಕೆ ಬೇಕಾಗುವ ಶಕ್ತಿ, ಸುಮಾರು ೩೯೪ ಕಿಲೊಕ್ಯಾಲೊರಿ. ಮನೆಯಲ್ಲಿ ಓಡಾಡಿಕೊಂಡಿರುವ ವಯಸ್ಕ ನಾಯಿಗೆ ಅದರ ೧.೬ ಪಾಲು, ಎಂದರೆ ೬೩೦ ಬೇಕಾದೀತು. ತೂಕ ೨೦ ಕಿಲೋ ಆದರೆ ಇದು ಇಮ್ಮಡಿಯಾಗದೆ ೧೦೬೦ರಷ್ಟೇ ಆಗುತ್ತದೆಂಬುದನ್ನು ಗಮನಿಸಬೇಕು. ದೊಡ್ಡ ನಾಯಿಗೆ ಲೆಕ್ಕತಪ್ಪಿ ಹಾಕಿ ಕೊಬ್ಬಿಸುವುದಕ್ಕೆ ಇದೂ ಒಂದು ಕಾರಣ.

ನಮ್ಮ ೧೦ ಕಿಲೋದ ನಾಯಿಗೆ ೧೦೦ ಗ್ರಾಂ ಅಕ್ಕಿಯ ಅನ್ನವನ್ನು ೨೦೦ ಮಿಲಿಲೀಟರ್ ಹಾಲಿನ ಮೊಸರಿನಲ್ಲಿ ಕಲಸಿದೆವೆನ್ನೋಣ. ನೀರನ್ನು ಕಳೆದರೆ ಉಳಿಯುವ ಘನಾಂಶ ಸುಮಾರು ೧೧೫ ಗ್ರಾಂ, ಅದರಲ್ಲಿ ಸಸಾರಜನಕ ೧೪ ಗ್ರಾಂ. ಎಂದರೆ ಶೇಕಡ ೧೨. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘ ವಯಸ್ಕ ನಾಯಿಗೆ ಕನಿಷ್ಠ ಶೇಕಡ ೧೮, ಬೆಳೆಯುವ ಮರಿಗೆ ೨೨.೫ ಇರಬೇಕೆಂದು ವಿಧಿಸಿದೆ. ಎರಡು ಕೋಳಿಮೊಟ್ಟೆಗಳನ್ನು ಬೇಯಿಸಿ ಸೇರಿಸೋಣ. ಘನಾಂಶ ೧೪೦, ಸಸಾರಜನಕ ೨೭ ಗ್ರಾಂ, ಶೇಕಡ ೧೯. ಶಕ್ತಿಯೂ ಸರಿಯಾಗಿ ೬೩೦ರ ಹತ್ತಿರಕ್ಕೆ ಬಂದಿತು. ಮನೆಯವರು ಇಲ್ಲಿಗೆ ತೃಪ್ತರಾಗುವುದು ಸಹಜ. ಆದರೆ ಕ್ಯಾಲ್ಸಿಯಂ ನೋಡಿರಿ: ಮೊಸರಿನಿಂದ ೨೪೦ ಮಿಲಿಗ್ರಾಂ, ಮೊಟ್ಟೆಯಿಂದ ೫೦, ಅಕ್ಕಿಯಿಂದ ೧೦, ಒಟ್ಟು ೩೦೦. ಬೇಕಾದುದು ಘನಾಂಶದ ಶೇಕಡ ೦.೫, ಎಂದರೆ ೭೦೦ ಮಿಲಿಗ್ರಾಂ! ರಂಜಕವಾದರೋ ಸುಮಾರು ೪೮೦ ಇದೆ. ಕ್ಯಾಲ್ಸಿಯಂ ರಂಜಕಕ್ಕಿಂತ ಕಡಿಮೆಯಾದರೆ ದೇಹ ತನ್ನ ಎಲುಬನ್ನೇ ಕರಗಿಸಿ ರಕ್ತದ ಕೊರತೆಯನ್ನು ತುಂಬಿಕೊಳ್ಳುತ್ತದೆ. ಬರಿಯ ಮಾಂಸ ಹಾಕುವವರ ನಾಯಿಗಳಿಗೂ ಇದೇ ಗತಿ. ಮಾಂಸಖಂಡದಲ್ಲಿ ರಂಜಕವು ಕ್ಯಾಲ್ಸಿಯಂನ ಹತ್ತಿಪ್ಪತ್ತು ಪಾಲು ಇರುತ್ತದೆ.

ಈ ಕೊರತೆಗೆ ಪರಿಹಾರ ಬಲು ಅಗ್ಗ. ನಾವು ಎಸೆದ ಆ ಮೊಟ್ಟೆಯ ಚಿಪ್ಪನ್ನು ಕುದಿಸಿ ಒಣಗಿಸಿ ನುಣ್ಣಗೆ ಪುಡಿಮಾಡಿದರೆ ಒಂದು ಗ್ರಾಮಿನಲ್ಲಿ ಸುಮಾರು ೩೮೦ ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಷ್ಟರಿಂದ ಕ್ಯಾಲ್ಸಿಯಂನ ಲೆಕ್ಕ ಹೊಂದಿತು. ಆದರೆ ಸತುವಿನ ಲೆಕ್ಕ ಹೊಂದಲಿಲ್ಲ: ಬೇಕಾದುದರ ಮೂರರಲ್ಲಿ ಒಂದು ಭಾಗವೂ ಈ ಊಟದಲ್ಲಿಲ್ಲ. ತಾಮ್ರ ಅದಕ್ಕಿಂತಲೂ ಕಡಿಮೆ. ಇವುಗಳ ಅಭಾವ ಇಂದು ನಾಳೆ ಕಾಣುವುದಲ್ಲ. ತಿಂಗಳುಗಳು ಕಳೆದ ಮೇಲೆ ರೋಮ ಉದುರುವುದು, ಚರ್ಮ ಹಕ್ಕಳೆಗಟ್ಟುವುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯವರು ೨೦೧೩ರಲ್ಲಿ, ಪುಸ್ತಕಗಳಲ್ಲಿಯೂ ಅಂತರ್ಜಾಲದಲ್ಲಿಯೂ ದೊರೆತ ೨೦೦ ಮನೆಯಡಿಗೆಯ ವಿಧಾನಗಳನ್ನು ಹೀಗೆಯೇ ತೂಗಿ ನೋಡಿದರು. ನೂರಕ್ಕೆ ತೊಂಬತ್ತೈದರಲ್ಲಿ ಕನಿಷ್ಠ ಒಂದಾದರೂ ಅವಶ್ಯ ಪೋಷಕಾಂಶ ಸಾಲದೆ ಇದ್ದಿತು. ಅವುಗಳಲ್ಲಿ ಕೆಲವನ್ನು ಪಶುವೈದ್ಯರೇ ಬರೆದಿದ್ದರು!

ಇನ್ನು ಪೊಟ್ಟಣದ ಕಡೆ ನೋಡೋಣ. ೧೮೬೦ರ ಸುಮಾರಿಗೆ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ನನು ನಾಯಿಯ ಬಿಸ್ಕತ್ತುಗಳನ್ನು ಮಾರಲಾರಂಭಿಸಿದನು. ಇಂದಿನ ಒಣ ಉಂಡೆಗಳು ೧೯೫೦ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದವು. ಹಿಟ್ಟು, ಮಾಂಸದ ಪುಡಿಗಳ ಕಣಕವನ್ನು ಉಗಿಯಿಂದ ಬೇಯಿಸಿ, ಒತ್ತಡದಿಂದ ಕಿರಿಯ ರಂಧ್ರಗಳ ಮೂಲಕ ನೂಕುತ್ತಾರೆ. ಚಕ್ಕುಲಿಯ ಒರಳನ್ನು ನೆನೆದರೆ ಸಾಕು. ಹೊರಬಂದೊಡನೆ ಒತ್ತಡ ತಗ್ಗಿ ಅದು ಅರಳುತ್ತದೆ. ಕಾವಿನಲ್ಲಿ ನಾಶವಾಗುವ ಜೀವಸತ್ತ್ವಗಳನ್ನು ಮುಂಚಿತವಾಗಿಯೇ ಹೆಚ್ಚಾಗಿ ಸೇರಿಸಿರುತ್ತಾರೆ. ಸತು, ತಾಮ್ರಗಳ ಲೆಕ್ಕ ಇಲ್ಲಿ ಕಾರ್ಖಾನೆಯವರ ಹೊಣೆ. ಇದೇ ಪೊಟ್ಟಣದ ನಿಜವಾದ ಬಲ.

ಅದರ ದೌರ್ಬಲ್ಯವೂ ಅಲ್ಲಿಯೇ ಇದೆ: ತಪ್ಪಾದರೆ ಒಮ್ಮೆಗೇ ಸಾವಿರಾರು ತಟ್ಟೆಗಳನ್ನು ಮುಟ್ಟುತ್ತದೆ. ೨೦೦೭ರಲ್ಲಿ ಉತ್ತರ ಅಮೆರಿಕದಲ್ಲಿ ಅನೇಕ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಚೀನದಿಂದ ತರಿಸಿದ ಗೋಧಿಯ ಸಸಾರಜನಕದಲ್ಲಿ ಮೆಲಮೈನ್ ಬೆರೆತಿದ್ದಿತು. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಈ ಮೋಸವನ್ನು ಅರಿಯಬೇಕು. ಸಾಮಾನ್ಯ ಪರೀಕ್ಷೆಯಲ್ಲಿ ಸಸಾರಜನಕವನ್ನು ನೇರವಾಗಿ ಅಳೆಯುವುದಿಲ್ಲ; ಸಾರಜನಕವನ್ನು ಅಳೆದು ೬.೨೫ರಿಂದ ಗುಣಿಸುತ್ತಾರೆ. ಮೆಲಮೈನಿನ ತೂಕದಲ್ಲಿ ಮೂರರಲ್ಲಿ ಎರಡು ಭಾಗ ಸಾರಜನಕ. ಒಂದು ಗ್ರಾಂ ಮೆಲಮೈನ್ ನಾಲ್ಕು ಗ್ರಾಮಿಗೂ ಮಿಗಿಲಾದ ಸಸಾರಜನಕದ ವೇಷ ಹಾಕುತ್ತದೆ! ಜೊತೆಗಿದ್ದ ಸಯನ್ಯೂರಿಕ್ ಆಮ್ಲದೊಡನೆ ಕೂಡಿ ಅದು ಮೂತ್ರಪಿಂಡದ ನಾಳಗಳಲ್ಲಿ ಹರಳುಗಟ್ಟಿತು.

ಪೊಟ್ಟಣ ಕೊಳ್ಳುವವರು ಮುಂಭಾಗದ ಚಿತ್ರವನ್ನು ಬಿಟ್ಟು ಹಿಂಭಾಗದ ಸಣ್ಣಕ್ಷರಗಳನ್ನು ಓದಬೇಕು. 'ಸಂಪೂರ್ಣ ಮತ್ತು ಸಮತೋಲ' ಎಂದಿದೆಯೋ, 'ಪೂರಕ' ಎಂದು ಮಾತ್ರವೋ? ಮರಿಗೋ, ವಯಸ್ಕ ನಾಯಿಗೋ? ಡಬ್ಬಿಯ ಹಸಿ ಆಹಾರದಲ್ಲಿ ಸಸಾರಜನಕ ಶೇಕಡ ೮ ಎಂದಿದ್ದರೆ ಹೌಹಾರಬೇಕಾಗಿಲ್ಲ. ಅದರಲ್ಲಿ ೭೮ ಭಾಗ ನೀರಿದ್ದರೆ, ಉಳಿದ ೨೨ರಲ್ಲಿ ೮, ಎಂದರೆ ಶೇಕಡ ೩೬. ಶೇಕಡ ೨೪ ಎಂದಿರುವ ಒಣ ಆಹಾರ, ೧೦ ಭಾಗ ನೀರನ್ನು ಕಳೆದರೆ ೨೭ ಮಾತ್ರ.

ನಮ್ಮ ಅಭಿಪ್ರಾಯವನ್ನು ಕೇಳಿದರೆ, ಬೆಳೆಯುವ ಮರಿಗೆ, ಅದರಲ್ಲಿಯೂ ದೊಡ್ಡ ತಳಿಯ ಮರಿಗೆ, ಅಂದಾಜಿನ ಮನೆಯಡಿಗೆ ಸಲ್ಲದು. ಎಲುಬು ಒಮ್ಮೆ ಡೊಂಕಾಗಿ ಬೆಳೆದರೆ ಮುಂದೆ ಎಷ್ಟು ಹಾಲು ಸುರಿದರೂ ನೆಟ್ಟಗಾಗದು. ಮರಿಗೆಂದೇ ತಯಾರಿಸಿದ ಸಂಪೂರ್ಣ ಆಹಾರ ಅಲ್ಲಿ ಕ್ಷೇಮ. ಅದರ ಮೇಲೆ ಕ್ಯಾಲ್ಸಿಯಂ ಟಾನಿಕ್ಕು ಕುಡಿಸುವ ಪದ್ಧತಿಯನ್ನು ಬಿಡಬೇಕು; ಎಳೆಯ ಮರಿಯ ಕರುಳಿಗೆ ಹೆಚ್ಚಾದುದನ್ನು ತಡೆಯುವ ಶಕ್ತಿಯಿಲ್ಲ, ಅತಿಯಾದ ಕ್ಯಾಲ್ಸಿಯಂನಿಂದಲೂ ಎಲುಬು ಕೆಡುತ್ತದೆ. ವಯಸ್ಕ ನಾಯಿಗೆ ಮನೆಯಲ್ಲಿಯೇ ಅಡಿಗೆ ಮಾಡುವ ಬಯಕೆ ಇದ್ದರೆ ಧಾರಾಳವಾಗಿ ಮಾಡಬಹುದು. ಆಹಾರಶಾಸ್ತ್ರ ಬಲ್ಲ ಪಶುವೈದ್ಯರಿಂದ ಲೆಕ್ಕ ಹಾಕಿಸಿ, ಅವರು ಹೇಳಿದ ಖನಿಜ ಮಿಶ್ರಣವನ್ನು ತಪ್ಪದೆ ಸೇರಿಸಬೇಕು. ಪೊಟ್ಟಣದ ಜೊತೆಗೆ ಒಂದು ತುತ್ತು ಮೊಸರನ್ನ ಕೊಡುವುದರಿಂದ ಬಾಧಕವಿಲ್ಲ. ಆದರೆ ಇಂಥ ಮೇಲುತಿಂಡಿ ದಿನದ ಶಕ್ತಿಯ ಹತ್ತರಲ್ಲೊಂದು ಭಾಗವನ್ನು ಮೀರಿದರೆ ಪೊಟ್ಟಣದವರು ಹೊಂದಿಸಿದ ಲೆಕ್ಕ ಕೆಡುತ್ತದೆ.

ಯಾವುದನ್ನು ಆರಿಸಿದರೂ ಹಳೆಯದರಿಂದ ಹೊಸದಕ್ಕೆ ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಾಯಿಸಬೇಕು. ತಿಂಗಳಿಗೊಮ್ಮೆ ತೂಗಿ ಬರೆದಿಡಬೇಕು. ಪಕ್ಕೆಲುಬುಗಳು ಕೈಗೆ ಸುಲಭವಾಗಿ ಸಿಕ್ಕುವಂತಿರಬೇಕು. ಮುಧೋಳದ ಬೇಟೆನಾಯಿಯಲ್ಲಿ ಅವು ತುಸು ಕಣ್ಣಿಗೇ ಕಾಣುವುದು ತಳಿಯ ಲಕ್ಷಣ. ಈರುಳ್ಳಿ ಹಾಕಿದ ಹುಳಿಯನ್ನು ತಟ್ಟೆಗೆ ಬಗ್ಗಿಸಬಾರದು. ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಬೇಯಿಸಿದರೂ ವಿಷ ಹೋಗದು. ಹಬ್ಬದ ಪಾಯಸದಲ್ಲಿ ಉಳಿದ ಒಣದ್ರಾಕ್ಷಿಗಳನ್ನೂ ಹಾಕಬಾರದು; ಕೆಲವು ನಾಯಿಗಳ ಮೂತ್ರಪಿಂಡ ಅಷ್ಟರಿಂದಲೇ ನಿಂತುಹೋಗುವುದುಂಟು.